ಬಯೋಡಿಗ್ರೇಡಬಲ್ ಕವರ್ ಗೊಬ್ಬರದ ಗುಂಡಿಗೆ ಹಾಕಬಹುದಾ?

ಮೇಲೆ 'ಬಯೋಡಿಗ್ರೇಡಬಲ್' (ಅಂದರೆ ಸೂಕ್ಷ್ಮಜೀವಿಗಳಿಂದ ಕರಗುವಂಥದ್ದು) ಅಂತ ಬರೆದಿರುವ ಕವರಲ್ಲೇ ಹಸಿ ಕಸ ತುಂಬಿ, ಕವರ್ ಸಮೇತ ಹಿತ್ತಲ ಗೊಬ್ಬರದ ಗುಂಡಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬೇಡಿ. ಎಷ್ಟು ದಿನಕ್ಕೆ, ಎಂಥ ಜಾಗದಲ್ಲಿ ಕರಗುತ್ತದೆ ಅನ್ನುವುದು ಆ ಒಂದು ಪದದಿಂದ ಗೊತ್ತಾಗುವುದೇ ಇಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಇಂಥ ಕವರುಗಳನ್ನು 3 ವರ್ಷ ಮಣ್ಣಲ್ಲಿ ಹೂತಿಟ್ಟು, ಸಮುದ್ರದಲ್ಲೂ ಮುಳುಗಿಸಿಟ್ಟು ನೋಡಿದ್ದರು. 2019ರಲ್ಲಿ ಅದರ ವರದಿ ಬಂತು. ಹೊರಗೆ ತೆಗೆದಾಗ ಬಯೋಡಿಗ್ರೇಡಬಲ್ ಕವರ್ ಇನ್ನೂ ಸಾಮಾನು ಹೊರುವಷ್ಟು ಗಟ್ಟಿಯಾಗೇ ಇತ್ತು!

'ಕಂಪೋಸ್ಟಬಲ್', ಅಂದರೆ ಗೊಬ್ಬರವಾಗಬಲ್ಲದ್ದು, ಅಂತ ಇದ್ದರೆ ಸ್ವಲ್ಪ ಬೇರೆ ಕಥೆ. ಇಂಥ ಕವರುಗಳಲ್ಲಿ ಬಳಸುವ, ಮೆಕ್ಕೆಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯಿಂದ ಮಾಡುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ಒಡೆಯಬೇಕಾದರೆ ಸುಮಾರು 60 ಡಿಗ್ರಿ ಬಿಸಿ ವಾರಗಟ್ಟಲೆ ಇರಬೇಕು, ಜೊತೆಗೆ ತೇವವೂ ಬೇಕು. ದೊಡ್ಡ ಗೊಬ್ಬರ ಘಟಕಗಳಲ್ಲಿ ಅದು ಸಾಧ್ಯ. ಮನೆಯ ಗುಂಡಿ ಅಷ್ಟು ಹೊತ್ತು ಅಷ್ಟು ಬಿಸಿ ಇರುವುದು ಅಪರೂಪ. ಹಾಗಾಗಿ 'ಹೋಮ್ ಕಂಪೋಸ್ಟಬಲ್' ಅಂತ ಪ್ರಮಾಣೀಕರಿಸಿದ ಗುರುತು ಇದ್ದರೆ ಮಾತ್ರ ಹಾಕಿ, ಅದನ್ನೂ ಹರಿದು ಹಾಕಿ.

ಇನ್ನು 'ಆಕ್ಸೋ-ಡಿಗ್ರೇಡಬಲ್' ಅಂತ ಕಂಡರೆ ಕೊಳ್ಳಲೇಬೇಡಿ. ಆ ಪ್ಲಾಸ್ಟಿಕ್ ಬೇಗ ಚೂರುಚೂರಾಗುತ್ತದೆ ಅಷ್ಟೇ, ಆಮೇಲೆ ಆ ಚೂರುಗಳನ್ನು ಮಣ್ಣಿಂದ ಹೆಕ್ಕುವವರು ಯಾರು? ಯುರೋಪ್ ಒಕ್ಕೂಟ 2021ರಲ್ಲೇ ಅದನ್ನು ನಿಷೇಧಿಸಿದೆ.

ಈಗಾಗಲೇ ಕೊಂಡಿರುವ ಕವರುಗಳನ್ನು ಸುಮ್ನೆ ಬಿಸಾಡಬೇಡಿ, ಹರಿಯುವ ತನಕ ಒಣ ಕಸಕ್ಕೆ ಬಳಸಿ. ಅಷ್ಟಕ್ಕೂ ಹಸಿ ಕಸಕ್ಕೆ ಕವರ್ ಯಾಕೆ ಬೇಕು? ಮುಚ್ಚಳ ಇರುವ ಬಕೆಟ್‌ಗೆ ಹಳೇ ಪತ್ರಿಕೆ ಹಾಸಿ, ತುಂಬಿದ ಮೇಲೆ ಪತ್ರಿಕೆ ಸಮೇತ ಗುಂಡಿಗೆ ಸುರಿದರಾಯಿತು.