ಓದುಗರ ಪ್ರಶ್ನೆ: ಹಳೆಯ ನುಡಿ ಕಡತ, ಊರಿನ ಶಾಸನ, ತೆರೆಯದ ಕೊಂಡಿ

ಪ್ರಶ್ನೆ: ನಮ್ಮ ತಂದೆಯವರು ಕಾಫಿ ತೋಟದ ಮಳೆ ಲೆಕ್ಕವನ್ನೂ ಪ್ರತಿ ವರ್ಷ ಕಾಫಿ ಹೂ ಅರಳಿಸುವ ಹೂಮಳೆಯ ಟಿಪ್ಪಣಿಗಳನ್ನೂ ಹಳೆಯ ಕಂಪ್ಯೂಟರಿನಲ್ಲಿ ‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶ ಬಳಸಿ ಬರೆದಿಟ್ಟಿದ್ದರು. ಆ ಕಡತವನ್ನು ಈಗ ಮೊಬೈಲಿನಲ್ಲಿ ತೆರೆದರೆ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟುಹೋಗಿದೆಯೇ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಕೆಟ್ಟಿಲ್ಲ, ಧೈರ್ಯವಾಗಿರಿ. ಆ ಕಾಲದ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಜಾಗದಲ್ಲಿಯೇ ಕನ್ನಡ ಅಕ್ಷರಗಳ ತುಣುಕುಗಳನ್ನು ಕೂರಿಸಿದ್ದವು. ತೆರೆಯ ಮೇಲೆ ನಾವು ‘ಕ’ ಎಂದು ಓದುತ್ತಿದ್ದುದು ಕಂಪ್ಯೂಟರಿನ ಲೆಕ್ಕದಲ್ಲಿ ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ತಲೆಕಟ್ಟಿಗಾಗಿ ಅದರ ಪಕ್ಕದಲ್ಲಿ ನಿಂತ, ನೆತ್ತಿಯ ಮೇಲೆ ಗೀಟುಳ್ಳ ಒಂದು ‘ಎ’ ಅಷ್ಟೆ. ಆ ಫಾಂಟು ಇಲ್ಲದ ಮೊಬೈಲು ಒಳಗಿರುವುದನ್ನು ಇದ್ದಂತೆಯೇ ತೋರಿಸುತ್ತಿದೆ. ಜಗತ್ತಿನ ಭಾಷೆಗಳ ಅಕ್ಷರಗಳಿಗೆಲ್ಲ ಬೇರೆ ಬೇರೆ ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಸಂಕೇತಗಳಿರುವುದರಿಂದ, ಕಡತವನ್ನು ಅದಕ್ಕೆ ಪರಿವರ್ತಿಸಿದರೆ ಎಲ್ಲ ಮೊಬೈಲುಗಳಲ್ಲಿಯೂ ಓದಬಹುದು, ಹುಡುಕಬಹುದು, ಅಕಾರಾದಿಯಾಗಿ ಜೋಡಿಸಲೂಬಹುದು.

ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಪರಿವರ್ತಿಸಿದ ಮೇಲೆ ಕಣ್ಣಿಟ್ಟು ಓದುವ ಕೆಲಸವನ್ನು ದಯವಿಟ್ಟು ಬಿಡಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ವ್ಯಂಜನದ ನಂತರ ದಾಖಲಾಗುತ್ತದೆ, ಯೂನಿಕೋಡ್‌ನಲ್ಲಿ ರಕಾರವು ಮೊದಲು ಬರಬೇಕು. ಈ ಅದಲುಬದಲನ್ನು ಸರಿಯಾಗಿ ಮಾಡದ ಪರಿವರ್ತಕಗಳಲ್ಲಿ ‘ವರ್ಷ’ವು ‘ವಷರ್’ ಆಗುತ್ತದೆ, ‘ಕರ್ನಾಟಕ’ವು ‘ಕನಾರ್ಟಕ’ ಆಗುತ್ತದೆ. ಸಕಲೇಶಪುರದ ಸ್ನೇಹಿತರೊಬ್ಬರ ನಲವತ್ತು ಪುಟಗಳ ಬರಹವನ್ನು ನಾನು ಪರಿವರ್ತಿಸಿದಾಗ ಮೊದಲ ಪುಟದಲ್ಲಿಯೇ ‘ಮಾಚರ್್’ ಎಂಬ ರೂಪ ಕಂಡು ಗಾಬರಿಯಾಗಿತ್ತು. ಅದು ಮಾರ್ಚ್ ತಿಂಗಳು. ಮಳೆ ಲೆಕ್ಕದಲ್ಲಿ ಮಾರ್ಚ್ ತಪ್ಪಿದರೆ ಹೂಮಳೆಯ ವಿವರವೇ ಹುಡುಕಾಟಕ್ಕೆ ಸಿಗುವುದಿಲ್ಲ. ಇನ್ನೊಂದು ತೊಡಕೆಂದರೆ, ನಡುವೆ ಇಂಗ್ಲಿಷಿನಲ್ಲಿಯೇ ಬರೆದಿರುವ ರೊಬಸ್ಟಾ, ಅರೇಬಿಕಾದಂಥ ಪದಗಳನ್ನೂ ಪರಿವರ್ತಕವು ಕನ್ನಡವೆಂದೇ ಭಾವಿಸಿ ಕಲಸಿಬಿಡುವುದರಿಂದ, ಅಂಥ ಪದಗಳನ್ನು ಮೊದಲೇ ಗುರುತು ಹಾಕಿಟ್ಟುಕೊಳ್ಳಬೇಕು. ಉಳಿಸುವಾಗ ಯೂನಿಕೋಡ್ ಅಥವಾ ಯುಟಿಎಫ್-8 ಎಂಬ ಆಯ್ಕೆಯನ್ನೇ ಒತ್ತಿರಿ. ಆನ್ಸಿ ಎಂಬ ಹಳೆಯ ಸಂಕೇತ ಪದ್ಧತಿಯ ಆಯ್ಕೆಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಮೂಲ ಕಡತವನ್ನೂ ಆ ಫಾಂಟನ್ನೂ ಒಟ್ಟಿಗೆ ಬೇರೆಡೆ ಕಾಪಿಟ್ಟುಕೊಳ್ಳಿ.

ಪ್ರಶ್ನೆ: ನಮ್ಮೂರಿನ ಕೆರೆಯ ಏರಿಯ ಮೇಲೊಂದು ಶಾಸನವಿದೆ. ಅದರ ಪಾಠ ಅಂತರ್ಜಾಲದಲ್ಲಿ ಸಿಗಬಹುದೇ?
– ಓದುಗರೊಬ್ಬರು, ಬೇಲೂರು

ಉತ್ತರ: ಸಿಗುವ ಸಾಧ್ಯತೆ ಬಹಳವಿದೆ. ಬಿ. ಎಲ್. ರೈಸ್ ಅವರು ಶಾಸನಗಳನ್ನು ಜಿಲ್ಲಾವಾರು ಸಂಗ್ರಹಿಸಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯಲ್ಲಿ ಹಾಸನ ಜಿಲ್ಲೆಯದು 1902ರ ಐದನೆಯ ಸಂಪುಟ. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಅದರ ಸ್ಕ್ಯಾನ್ ಪ್ರತಿಯನ್ನು ಉಚಿತವಾಗಿ ಓದಬಹುದು. ಚಿಕ್ಕಮಗಳೂರಿನವರು ತಮ್ಮ ಜಿಲ್ಲೆಯ ಹೆಸರಿನಿಂದ ಹುಡುಕಿದರೆ ಏನೂ ಸಿಗದು, ಏಕೆಂದರೆ ಆಗ ಅದು ಕಡೂರು ಜಿಲ್ಲೆಯಾಗಿತ್ತು. ಅದರದು ಆರನೆಯ ಸಂಪುಟ. ಸ್ಕ್ಯಾನ್ ಪ್ರತಿಯ ಕನ್ನಡವನ್ನು ಯಂತ್ರವು ಸರಿಯಾಗಿ ಓದಿರುವುದಿಲ್ಲವಾದ್ದರಿಂದ ಊರಿನ ಹೆಸರನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ ನಿರಾಶರಾಗಬೇಡಿ. ಶಾಸನಗಳನ್ನು ತಾಲ್ಲೂಕುವಾರು ಕ್ರಮಸಂಖ್ಯೆ ಕೊಟ್ಟು ಜೋಡಿಸಿರುವುದರಿಂದ ಬೇಲೂರು ತಾಲ್ಲೂಕಿನ ಭಾಗಕ್ಕೆ ಹೋಗಿ ಪುಟ ತಿರುವುವುದೇ ಒಳ್ಳೆಯದು. ನಾನು ಹಾಗೆ ತಿರುವುತ್ತ ಒಂದಿಡೀ ಭಾನುವಾರ ಕಳೆದಿದ್ದೇನೆ, ಕನ್ನಡ ಪಾಠದ ಜೊತೆಗೆ ಇಂಗ್ಲಿಷ್ ಅನುವಾದವೂ ಇರುವುದರಿಂದ ಹಳಗನ್ನಡ ತೊಡಕಾದವರಿಗೂ ಅದು ಕೈಗೆಟಕುತ್ತದೆ. ಆದರೆ ನಿಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಅಲ್ಲಿ ಹುಡುಕಬೇಡಿ, ಡಾ. ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದದ್ದು ಆ ಸಂಪುಟ ಅಚ್ಚಾಗಿ ಮೂರು ದಶಕಗಳು ಕಳೆದ ಮೇಲೆ.

ಪ್ರಶ್ನೆ: ಗುರುತು ಹಾಕಿಟ್ಟುಕೊಂಡಿದ್ದ ಲೇಖನದ ಕೊಂಡಿ ಈಗ ತೆರೆಯುತ್ತಿಲ್ಲ.
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಅದೇ ಇಂಟರ್ನೆಟ್ ಆರ್ಕೈವ್‌ನ ಹಳೆಯ ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಆ ವಿಳಾಸವನ್ನು ಅಂಟಿಸಿ ನೋಡಿ, ಪುಟದ ಪ್ರತಿಯನ್ನು ಯಾವ ಯಾವ ದಿನ ಉಳಿಸಲಾಗಿದೆ ಎಂಬುದು ಕ್ಯಾಲೆಂಡರಿನಲ್ಲಿ ಕಾಣುತ್ತದೆ. ಮುಂದೆ ಇಷ್ಟವಾದ ಲೇಖನ ಸಿಕ್ಕಾಗ ಅಲ್ಲಿಯೇ ಇರುವ ‘ಪುಟವನ್ನು ಈಗಲೇ ಉಳಿಸಿ’ ಎಂಬ ಸೌಲಭ್ಯವನ್ನು ಬಳಸಿಕೊಳ್ಳಿ.