ಇ-ಆಂಟಿಜನ್ ನೆಗೆಟಿವ್ ಆದರೆ ವೈರಸ್ ಹೋಯಿತೆಂದೇ?

ಪ್ರಶ್ನೆ: ರಕ್ತದಾನ ಶಿಬಿರದ ನಂತರ ನನ್ನ ತಮ್ಮನಿಗೆ ಹೆಪಟೈಟಿಸ್ ಬಿ ಇದೆಯೆಂದು ಗೊತ್ತಾಯಿತು. ಎಚ್‌ಬಿಎಸ್‌ಎಜಿ ಪಾಸಿಟಿವ್, ಎಚ್‌ಬಿಇಎಜಿ ನೆಗೆಟಿವ್. ‘ಇ’ ಇಲ್ಲವೆಂದರೆ ವೈರಸ್ ಸುಮ್ಮನಿದೆ ಅಂತ ಲ್ಯಾಬಿನವರು ಹೇಳಿದರು. ಡಾಕ್ಟರು ಮಾತ್ರ ಡಿಎನ್‌ಎ ಪರೀಕ್ಷೆ ಬರೆದುಕೊಟ್ಟಿದ್ದಾರೆ. ಅದು ಬೇಕೇ?
– ಓದುಗರು, ಶಿರಾ

ಉತ್ತರ: ಬೇಕು. ಎಚ್‌ಬಿಎಸ್‌ಎಜಿಯ ‘ಎಸ್’ ಎಂಬುದು ವೈರಸ್ಸಿನ ಹೊರಕವಚದ ಪ್ರೋಟೀನ್. ಸೋಂಕಿದ ಯಕೃತ್ತಿನ ಕೋಶಗಳು 42 ನ್ಯಾನೊಮೀಟರಿನ ಪೂರ್ಣ ವೈರಸ್‌ಗಳ ಜೊತೆಗೆ, ಒಳಗೆ ಡಿಎನ್‌ಎ ಇಲ್ಲದ 22 ನ್ಯಾನೊಮೀಟರಿನ ಪೊಳ್ಳು ಕಣಗಳನ್ನೂ ಸಾವಿರಾರು ಪಟ್ಟು ಹೆಚ್ಚಾಗಿ ರಕ್ತಕ್ಕೆ ಬಿಡುತ್ತವೆ. ಹಾಗಾಗಿ ‘ಎಸ್’ ಪಾಸಿಟಿವ್ ಬಂದರೆ ಸೋಂಕಿದೆ ಎಂದಷ್ಟೇ ತಿಳಿಯುತ್ತದೆ, ಎಷ್ಟು ಜೋರಾಗಿದೆ ಎಂಬುದಲ್ಲ.

ಎಚ್‌ಬಿಇಎಜಿಯ ‘ಇ’ ವೈರಸ್ಸಿನ ಅಂಗವೇ ಅಲ್ಲ. ವೈರಸ್ಸಿನ ಒಳಕವಚವಾದ ಕೋರ್ ಪ್ರೋಟೀನಿನ ಜೀನನ್ನೇ ಸ್ವಲ್ಪ ಹಿಂದಿನಿಂದ, ಪ್ರೀಕೋರ್ ಭಾಗವನ್ನೂ ಸೇರಿಸಿ ಓದಿದಾಗ ಹುಟ್ಟಿ ರಕ್ತಕ್ಕೆ ಸೇರುವ ಪ್ರೋಟೀನ್ ಅದು. ದೇಹದ ರೋಗನಿರೋಧಕ ವ್ಯವಸ್ಥೆಯನ್ನು ಮಂಕಾಗಿಸುವುದು ಅದರ ಕೆಲಸ. ಅದಿಲ್ಲದೆಯೂ ವೈರಸ್ ಬೆಳೆಯಬಲ್ಲದು. ವೈರಸ್ಸಿನ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹದ 1896ನೇ ಸ್ಥಾನದಲ್ಲಿ ಜಿ ಅಕ್ಷರ ಹೋಗಿ ಎ ಬಂದರೆ ಪ್ರೀಕೋರಿನ 28ನೇ ಕೋಡಾನ್ (ಮೂರಕ್ಷರದ ಸೂಚನೆ) ಟಿಜಿಜಿ ಇದ್ದದ್ದು ಟಿಎಜಿ, ಅಂದರೆ ‘ನಿಲ್ಲಿಸು’ ಸೂಚನೆ ಆಗುತ್ತದೆ. ‘ಇ’ ತಯಾರಿ ಅಲ್ಲಿಗೇ ನಿಂತಿತು. ಕೋರ್ ಪ್ರೋಟೀನ್ ಶುರುವಾಗುವುದು ಅದರ ಮುಂದೆ, ಹಾಗಾಗಿ ಅದಕ್ಕೇನೂ ಆಗದು. ಭಾರತದಲ್ಲಿ ಹೆಚ್ಚಾಗಿ ಕಾಣುವ ಡಿ ಜೀನೋಟೈಪಿಗೆ (ವೈರಸ್ಸಿನ ಒಂದು ಬಗೆ) ಈ ಬದಲಾವಣೆ ಸಲೀಸು.

ಹಾಗಾಗಿ ರಕ್ತದಲ್ಲಿನ ವೈರಸ್ ಡಿಎನ್‌ಎ ಪ್ರಮಾಣವನ್ನೂ ಎಸ್‌ಜಿಪಿಟಿಯನ್ನೂ (ಯಕೃತ್ತಿಗೆ ಏಟಾದಾಗ ರಕ್ತದಲ್ಲಿ ಏರುವ ಕಿಣ್ವ) ಒಟ್ಟಿಗೆ ನೋಡಬೇಕು. ಡಿಎನ್‌ಎ 2000 ಐಯು/ಮಿ.ಲೀ. ಒಳಗಿದ್ದು ಎಸ್‌ಜಿಪಿಟಿಯೂ ಸರಿಯಿದ್ದರೆ ಸದ್ಯಕ್ಕೆ ಸಮಾಧಾನ. ಆದರೆ ‘ಇ’ ನೆಗೆಟಿವ್ ಇರುವವರಲ್ಲಿ ಇವೆರಡೂ ಏರಿಳಿಯುತ್ತವೆ. ಒಂದೇ ರಿಪೋರ್ಟ್ ನಂಬಬೇಡಿ, ಮೊದಲ ವರ್ಷ 3–6 ತಿಂಗಳಿಗೊಮ್ಮೆ ಮತ್ತೆ ಮಾಡಿಸಿ. ಕಣ್ಣು ಹಳದಿಯಾಗಿಲ್ಲವಲ್ಲ ಎಂದು ಬಿಡುವುದಾಗಲಿ, ಕಾಮಾಲೆಗೆಂದು ನಾಟಿ ಔಷಧಿ ಕುಡಿಸುವುದಾಗಲಿ ಬೇಡ.

ಪ್ರಶ್ನೆ: ವೈರಸ್ ಹೀಗೆ ಬದಲಾಗುತ್ತಿದ್ದರೆ ಮನೆಯವರಿಗೆ ಲಸಿಕೆ ಹಾಕಿಸಿ ಏನು ಪ್ರಯೋಜನ?
– ಓದುಗರು, ಚಿಂತಾಮಣಿ

ಉತ್ತರ: ಈ ವೈರಸ್ಸಿನ ಡಿಎನ್‌ಎ ನಕಲು ಮಾಡುವ ಕಿಣ್ವವಾದ ಪಾಲಿಮರೇಸ್ ನಕಲು ತಿದ್ದುವುದಿಲ್ಲ, ತಪ್ಪುಗಳು ಬೇಕಾದಷ್ಟು. ಆದರೆ ಜೀನೋಮ್ ಬರೀ 3200 ಅಕ್ಷರದ್ದು. ‘ಎಸ್’ ಜೀನ್ ಇಡಿಯಾಗಿ ಪಾಲಿಮರೇಸ್ ಜೀನಿನೊಳಗೇ ಇದೆ. ಒಂದೇ ಸಾಲನ್ನು ಒಂದಕ್ಷರ ಸರಿಸಿ ಓದಿ ಇನ್ನೊಂದು ಪದ್ಯ ಹೊರಡಿಸಿದ ಹಾಗೆ. ಒಂದಕ್ಷರ ಕೆಟ್ಟರೆ ಎರಡು ಪ್ರೋಟೀನೂ ಕೆಡಬಹುದು, ಅಂಥ ವೈರಸ್‌ಗಳು ಬಹುಪಾಲು ಉಳಿಯುವುದಿಲ್ಲ. ‘ಎಸ್’ನ 145ನೇ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅಮೈನೊ ಆಮ್ಲದ ಬದಲು ಆರ್ಜಿನೀನ್ ಬಂದ ತಳಿಗೆ ಲಸಿಕೆಯ ಪ್ರತಿಕಾಯ ಸರಿಯಾಗಿ ಅಂಟದು, ನಿಜ, ಆದರೂ ಲಸಿಕೆ ಇಂದಿಗೂ ಚೆನ್ನಾಗಿಯೇ ಕಾಯುತ್ತಿದೆ.

ಮೊದಲು ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿಸಿ. ಸೋಂಕಿಲ್ಲದ, ಲಸಿಕೆ ಆಗದ ದೊಡ್ಡವರಿಗೆ 0, 1, 6 ತಿಂಗಳಿಗೆ ಮೂರು ಡೋಸ್. ಕೊನೆಯ ಡೋಸ್ ಆಗಿ 1–2 ತಿಂಗಳಿಗೆ ಪ್ರತಿಕಾಯ 10 ಎಂಐಯು/ಮಿ.ಲೀ. ಅಥವಾ ಹೆಚ್ಚಿರಬೇಕು.