ಒಂದು ಕಂಪ್ಯೂಟರ್, ಮೂರು ಟಿವಿ: ಯಾವ ಕೇಬಲ್ ಎಳೆಯಬೇಕು?

ಪ್ರಶ್ನೆ: ಮಹಡಿಯ ಕೋಣೆಯಲ್ಲಿ ಡೆಸ್ಕ್‌ಟಾಪ್ ಕಂಪ್ಯೂಟರ್ ಇದೆ. ಅದರ ಚಿತ್ರ ಅದೇ ಕೋಣೆಯ ಟಿವಿಯಲ್ಲೂ, 15 ಮೀಟರ್ ದೂರದ ಹಾಲ್‌ನಲ್ಲೂ, 25 ಮೀಟರ್ ದೂರದ ಮಲಗುವ ಕೋಣೆಯಲ್ಲೂ ಬರಬೇಕು. ಹಾಲ್‌ನ ಟಿವಿ 4ಕೆ, ಉಳಿದೆರಡು ಫುಲ್ ಎಚ್‌ಡಿ. ಉದ್ದದ ಎಚ್‌ಡಿಎಂಐ ಕೇಬಲ್ ಎಳೆದರೆ ಸಾಕೇ? ಅಥವಾ ವೈ-ಫೈನಲ್ಲೇ ಮುಗಿಸಬಹುದೇ?

ಉತ್ತರ: ಮೂರೂ ಕಡೆ ಒಂದೇ ಚಿತ್ರ ಬಂದರೆ ಸಾಕೇ, ಇಲ್ಲ ಒಬ್ಬೊಬ್ಬರು ಒಂದೊಂದು ನೋಡಬೇಕೇ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಕಂಪ್ಯೂಟರ್‌ನಲ್ಲಿರುವ ವಿಡಿಯೊಗಳನ್ನು ಬೇರೆ ಬೇರೆ ಕೋಣೆಯಲ್ಲಿ ನೋಡುವುದಷ್ಟೇ ಉದ್ದೇಶವಾದರೆ ಪರದೆಯ ಚಿತ್ರ ಕಳಿಸುವ ಗೋಜೇ ಬೇಡ. ಜೆಲ್ಲಿಫಿನ್‌ನಂಥ ಮೀಡಿಯಾ ಸರ್ವರ್ (ವಿಡಿಯೊಗಳನ್ನು ಮನೆಯ ನೆಟ್‌ವರ್ಕ್‌ನಲ್ಲಿ ಹಂಚುವ ತಂತ್ರಾಂಶ) ಹಾಕಿ, ಟಿವಿಯ ಆ್ಯಪ್‌ನಿಂದ ಫೈಲನ್ನೇ ತೆರೆಯಿರಿ. ಮುಂದಿನದೆಲ್ಲ ಒಂದೇ ಚಿತ್ರ ಎಲ್ಲೆಡೆ ಬೇಕೆನ್ನುವವರಿಗೆ.

ತಾಮ್ರದ ಎಚ್‌ಡಿಎಂಐ ಕೇಬಲ್ 25 ಮೀಟರ್‌ಗೆ ಆಗದು. 60 ಹರ್ಟ್ಸ್‌ನ 4ಕೆ ಚಿತ್ರಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಸಾಮರ್ಥ್ಯ ಬೇಕು; 5 ಮೀಟರ್ ದಾಟಿದರೆ ಸಾಮಾನ್ಯ ಕೇಬಲ್ ಅದನ್ನು ತಾಳುವುದು ಅನುಮಾನ. ಫುಲ್ ಎಚ್‌ಡಿಯಾದರೆ 10 ಮೀಟರ್ ತನಕ ನಡೆದೀತು. ಕೇಬಲ್ ಸೋತಾಗ ಚಿತ್ರ ಮಸುಕಾಗುವುದಿಲ್ಲ. ಬಿಳಿ ಚುಕ್ಕೆಗಳು ಮಿನುಗುತ್ತವೆ, ಆಗಾಗ ಪರದೆ ಒಂದೆರಡು ಸೆಕೆಂಡ್ ಕಪ್ಪಾಗುತ್ತದೆ. ಬೆಳಕಿನ ಮೂಲಕ ಸಿಗ್ನಲ್ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ದೂರಕ್ಕೆ ಒಗ್ಗುತ್ತದೆ, ಆದರೆ ಅದಕ್ಕೆ ದಿಕ್ಕಿದೆ. ಟಿವಿಯ ತುದಿ ಕಂಪ್ಯೂಟರ್ ಕಡೆ ಬಂದರೆ ಇಡೀ ಕೇಬಲ್ ಹೊರತೆಗೆದು ಮತ್ತೆ ಎಳೆಯಬೇಕು. ಆ ದಪ್ಪ ತುದಿ ಪೈಪಿನ ತಿರುವಿನಲ್ಲಿ ಸಿಕ್ಕಿಕೊಳ್ಳುವ ಕಾಟ ಬೇರೆ.

ಗೋಡೆಯೊಳಗೆ ನೆಟ್‌ವರ್ಕ್ ಕೇಬಲ್ ಎಳೆಯುವುದೇ ವಾಸಿ. ಎಳೆದ ಮೇಲೆ ತುದಿಗೆ ಕನೆಕ್ಟರ್ ಒತ್ತಬಹುದು, ಮುಂದೆ ತಂತ್ರಜ್ಞಾನ ಬದಲಾದರೂ ಕೇಬಲ್ ಉಳಿಯುತ್ತದೆ. ಅಪ್ಪಟ ತಾಮ್ರದ ಕ್ಯಾಟ್ 6 ಕೊಳ್ಳಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಬೇಡ. ಎರಡೂ ತುದಿಗೆ 568ಬಿ ಬಣ್ಣದ ಕ್ರಮವನ್ನೇ ಪಾಲಿಸಿ.

ಜೋಡಣೆ ಹೀಗೆ. ಕಂಪ್ಯೂಟರ್‌ನಿಂದ 4 ಔಟ್‌ಪುಟ್‌ನ ಎಚ್‌ಡಿಎಂಐ ಸ್ಪ್ಲಿಟರ್‌ಗೆ (ಒಂದೇ ಚಿತ್ರವನ್ನು ಹಲವು ಕಡೆ ಹಂಚುವ ಪೆಟ್ಟಿಗೆ) ಬನ್ನಿ. ಒಂದು ಔಟ್‌ಪುಟ್‌ನಿಂದ 2 ಮೀಟರ್ ಎಚ್‌ಡಿಎಂಐ ನೇರವಾಗಿ ಅದೇ ಕೋಣೆಯ ಟಿವಿಗೆ. ಇನ್ನೆರಡು ಔಟ್‌ಪುಟ್‌ಗೆ ಎಚ್‌ಡಿಎಂಐ ಚಿತ್ರವನ್ನು ನೆಟ್‌ವರ್ಕ್ ಕೇಬಲ್‌ನಲ್ಲಿ ಸಾಗಿಸುವ ಎಚ್‌ಡಿಬೇಸ್‌ಟಿ ಟ್ರಾನ್ಸ್‌ಮಿಟರ್ ಒಂದೊಂದು, ಅಲ್ಲಿಂದ ಕ್ಯಾಟ್ 6, ಟಿವಿಯ ಹಿಂದೆ ರಿಸೀವರ್. ಫುಲ್ ಎಚ್‌ಡಿಗೆ ಇದು ಕಿಟ್‌ಗೆ (ಟ್ರಾನ್ಸ್‌ಮಿಟರ್-ರಿಸೀವರ್ ಜೋಡಿಗೆ) ತಕ್ಕಂತೆ 70ರಿಂದ 100 ಮೀಟರ್ ತನಕ ಹೋಗುತ್ತದೆ. ಈ ಕೇಬಲ್ ನೆಟ್‌ವರ್ಕಿನದೇ ಆದರೂ ಇದರಲ್ಲಿ ಹರಿಯುವುದು ನೆಟ್‌ವರ್ಕ್ ಸಿಗ್ನಲ್ ಅಲ್ಲ. ನಡುವೆ ನೆಟ್‌ವರ್ಕ್ ಸ್ವಿಚ್ ಇರಬಾರದು; ಮರೆತು ರೌಟರ್‌ಗೆ ಚುಚ್ಚಿದರೆ ಪೋರ್ಟ್ ಸುಟ್ಟರೂ ಸುಟ್ಟೀತು, ಏಕೆಂದರೆ ಎಷ್ಟೋ ಕಿಟ್‌ಗಳು ರಿಸೀವರ್‌ಗೆ ವಿದ್ಯುತ್ತನ್ನೂ ಇದರಲ್ಲೇ ಕಳಿಸುತ್ತವೆ. ತುದಿಗಳಿಗೆ ಹೆಸರು ಬರೆದು ಅಂಟಿಸಿ.

ಹೆಚ್ಚಿನವರು ಎಡವುವುದು ಸ್ಪ್ಲಿಟರ್‌ನಲ್ಲಿ. ಪ್ರತಿ ಟಿವಿಯೂ ತಾನು ಏನೇನು ತೋರಿಸಬಲ್ಲೆ ಎಂಬ ಪಟ್ಟಿಯನ್ನು ಕಂಪ್ಯೂಟರ್‌ಗೆ ಕೊಡುತ್ತದೆ. ಅದಕ್ಕೆ ಇಡಿಐಡಿ ಎನ್ನುತ್ತಾರೆ. ಮೂರು ಟಿವಿಗಳ ಪಟ್ಟಿ ಒಟ್ಟಿಗೆ ಬಂದಾಗ ಕೆಲವು ಸ್ಪ್ಲಿಟರ್‌ಗಳು ಎಲ್ಲಕ್ಕೂ ಒಗ್ಗುವುದನ್ನು ಆರಿಸುತ್ತವೆ, ಕೆಲವು ಮೊದಲ ಪೋರ್ಟಿನ ಪಟ್ಟಿಯನ್ನಷ್ಟೇ ನಂಬುತ್ತವೆ. ಮೊದಲ ಪೋರ್ಟಿನಲ್ಲಿ ನಿಮ್ಮ 4ಕೆ ಟಿವಿ ಇದ್ದರೆ ಉಳಿದೆರಡೂ ಖಾಲಿ! ಸ್ಪ್ಲಿಟರ್ ಮೇಲೆ ಇಡಿಐಡಿ ಆಯ್ಕೆಯ ಪುಟ್ಟ ಸ್ವಿಚ್‌ಗಳಿರುವ ಮಾದರಿಯನ್ನೇ ಕೊಂಡು 1080ಪಿ (ಫುಲ್ ಎಚ್‌ಡಿ), 60 ಹರ್ಟ್ಸ್, ಸ್ಟೀರಿಯೊಗೆ ಇಡಿ. ಹಾಲ್‌ನ ಟಿವಿ ಅದನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆ. ಸರೌಂಡ್ ಧ್ವನಿ ಆರಿಸಿದರೆ ಅದನ್ನು ಬಿಡಿಸಲಾರದ ಟಿವಿ ಮೂಕವಾಗುತ್ತದೆ. ಪಟ್ಟಿ ಸ್ಥಿರವಾಗಿರುವುದರಿಂದ ಟಿವಿ ಆಫ್ ಮಾಡಿದಾಗ ಕಂಪ್ಯೂಟರ್ ಪರದೆಯ ವಿಂಡೋಗಳು ಚೆಲ್ಲಾಪಿಲ್ಲಿಯಾಗುವುದೂ ತಪ್ಪುತ್ತದೆ. ಹಾಲ್‌ನಲ್ಲಿ 4ಕೆಯೇ ಬೇಕೆಂದರೆ ಪ್ರತಿ ಔಟ್‌ಪುಟ್‌ನಲ್ಲೂ ಗಾತ್ರ ಇಳಿಸುವ ಸ್ಕೇಲರ್ ಇರುವ ಸ್ಪ್ಲಿಟರ್ ಬೇಕು, ಹಾಲ್‌ನ ಕಿಟ್ಟೂ 4ಕೆ ಸಾಗಿಸುವಂಥದ್ದಾಗಿರಬೇಕು. ಮೂರು ಟಿವಿಯಲ್ಲಿ ಎರಡು ಫುಲ್ ಎಚ್‌ಡಿ ಆಗಿರುವಾಗ ಅದು ದುಬಾರಿ ಹಟ.

ಧ್ವನಿ ಬರದಿದ್ದರೆ ಕಂಪ್ಯೂಟರ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಸ್ಪೀಕರ್‌ನಿಂದ ಎಚ್‌ಡಿಎಂಐಗೆ ಬದಲಾಗಿದೆಯೇ ನೋಡಿ. ನಿಸ್ತಂತು ಕೀಬೋರ್ಡ್ ಎರಡು ಗೋಡೆ ದಾಟುವುದು ಕಷ್ಟ. ಹಾಲ್‌ನಿಂದಲೇ ಮೌಸ್ ಆಡಿಸಬೇಕಿದ್ದರೆ ಯುಎಸ್‌ಬಿಯನ್ನೂ ಸಾಗಿಸುವ ಕಿಟ್ ಕೊಳ್ಳಿ.

ಇನ್ನು ವೈ-ಫೈ: ವಿಂಡೋಸ್ ಕೀ ಜೊತೆ ಕೆ ಒತ್ತಿದರೆ, ಪರದೆಯ ಚಿತ್ರವನ್ನು ನಿಸ್ತಂತುವಾಗಿ ಟಿವಿಗೆ ಕಳಿಸುವ ಮಿರಾಕಾಸ್ಟ್ ತೆರೆಯುತ್ತದೆ. ಒಮ್ಮೆಗೆ ಒಂದೇ ಟಿವಿ, ಮೌಸ್ ಕೈಗಿಂತ ಹಿಂದೆ ಓಡುತ್ತದೆ. ಫೋಟೊ ತೋರಿಸಲು ಅಡ್ಡಿಯಿಲ್ಲ, ಆಟಕ್ಕೆ ಸಲ್ಲದು.

ಪ್ರಶ್ನೆ: ಟಿವಿಯಲ್ಲಿ ಚಿತ್ರದ ಅಂಚು ಕತ್ತರಿಸಿಹೋಗುತ್ತದೆ, ಅಕ್ಷರಗಳ ಸುತ್ತ ಬಣ್ಣ ಒಸರುತ್ತದೆ. ಕೇಬಲ್ ದೋಷವೇ?

ಉತ್ತರ: ಅಲ್ಲ. ಅಂಚು ಕತ್ತರಿಸುವುದು ಟಿವಿಯ ಓವರ್‌ಸ್ಕ್ಯಾನ್, ಅಂದರೆ ಚಿತ್ರವನ್ನು ಪರದೆಗಿಂತ ತುಸು ಹಿಗ್ಗಿಸುವ ಅಭ್ಯಾಸ. ಪಿಕ್ಚರ್ ಮೆನುವಿನಲ್ಲಿ ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಎಂಬಂಥ ಆಯ್ಕೆ ಹುಡುಕಿ. ಆ ಎಚ್‌ಡಿಎಂಐ ಇನ್‌ಪುಟ್‌ನ ಹೆಸರನ್ನು ಪಿಸಿ ಎಂದು ಬದಲಿಸಿದರೆ ಹಲವು ಟಿವಿಗಳು ಬಣ್ಣದ ವಿವರ ಕಡಿತಗೊಳಿಸುವುದನ್ನು ನಿಲ್ಲಿಸುತ್ತವೆ, ಅಕ್ಷರ ತಿಳಿಯಾಗುತ್ತದೆ.

ಪ್ರಶ್ನೆ: ನೆಟ್‌ವರ್ಕ್ ಸ್ವಿಚ್ ಮೂಲಕ ಹೋಗುವ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿದ್ದೇನೆ. ಅಂದಿನಿಂದ ಮನೆಯ ವೈ-ಫೈ ತೆವಳುತ್ತಿದೆ.

ಉತ್ತರ: ಅದು ಎಚ್‌ಡಿಬೇಸ್‌ಟಿ ಅಲ್ಲದ ಬೇರೆ ಬಗೆ; ಮಲ್ಟಿಕಾಸ್ಟ್, ಅಂದರೆ ಒಂದೇ ಹರಿವನ್ನು ಹಲವರಿಗೆ ಒಟ್ಟಿಗೆ ಕಳಿಸುವ ವಿಧಾನ ಬಳಸುತ್ತಿರಬೇಕು. ಸಾದಾ ಸ್ವಿಚ್ ಆ ಹರಿವನ್ನು ಎಲ್ಲ ಪೋರ್ಟ್‌ಗಳಿಗೂ ಸುರಿಯುತ್ತದೆ, ವೈ-ಫೈಗೂ ಸೇರಿ. ಐಜಿಎಂಪಿ ಸ್ನೂಪಿಂಗ್ (ಕೇಳಿದ ಪೋರ್ಟಿಗಷ್ಟೇ ಹರಿವು ಕಳಿಸುವ ಸೌಲಭ್ಯ) ಇರುವ ಗಿಗಾಬಿಟ್ ಸ್ವಿಚ್ ತಂದು, ಆ ಸೌಲಭ್ಯವನ್ನೂ ಯಾರಿಗೆ ಹರಿವು ಬೇಕೆಂದು ಆಗಾಗ ವಿಚಾರಿಸುವ ಐಜಿಎಂಪಿ ಕ್ವೆರಿಯರ್ ಅನ್ನೂ ಚಾಲೂ ಮಾಡಿ. ಇಲ್ಲವೇ ಎಕ್ಸ್‌ಟೆಂಡರ್‌ಗಳನ್ನಷ್ಟೇ ಒಂದು ಪ್ರತ್ಯೇಕ ಸ್ವಿಚ್‌ಗೆ ಕೂಡಿಸಿ, ಅದನ್ನು ರೌಟರ್‌ಗೆ ಜೋಡಿಸದೆ ಬಿಡಿ.